ಅಜ್ಜಿಯ ಅಡ್ಡಿಗೆ ಕುಲುಮೆಗೆ ಬೀಳುವುದು ಯಾಕೆ?

ಕೋಲಾರದ ದೊಡ್ಡಪೇಟೆಯ ಚಿನ್ನದಂಗಡಿಗಳಲ್ಲಿ ಈಗ ವ್ಯಾಪಾರದ ಮಾತು ಶುರುವಾಗುವುದೇ "ಹಳೇದು ಏನಾದ್ರೂ ತಂದಿದ್ದೀರಾ?" ಎಂಬ ಪ್ರಶ್ನೆಯಿಂದ. ಬಹಳ ಸಲ ತಂದಿರುತ್ತಾರೆ. ಮಗಳ ಮದುವೆಗೆ ಸರ ಮಾಡಿಸಲು ಬಂದವರ ಕೈಚೀಲದಲ್ಲಿ ಕರ್ಚೀಫು ಗಂಟು ಇರುತ್ತದೆ. ಬಿಚ್ಚಿದರೆ ಒಂದು ಜೊತೆ ಬೆಂಡೋಲೆ, ಸೊಟ್ಟಗಾದ ಬಳೆ, ಕಲ್ಲು ಉದುರಿದ ಅಡ್ಡಿಗೆ ಎಂಬ ಹಳೆ ಕೊರಳೊಡವೆ. 2025ರ ಏಪ್ರಿಲ್‌ನಲ್ಲಿ 24 ಕ್ಯಾರಟ್ ಚಿನ್ನ 10 ಗ್ರಾಂಗೆ ಒಂದು ಲಕ್ಷ ರೂಪಾಯಿ ದಾಟಿತು. ಅದೇ ವರ್ಷ ಬೆಳ್ಳಿಯೂ ಕಿಲೋಗೆ ಒಂದೂವರೆ ಲಕ್ಷ ದಾಟಿತು. ಟೊಮ್ಯಾಟೊ ದುಡ್ಡು, ರೇಷ್ಮೆ ದುಡ್ಡು ಎಷ್ಟೇ ಬಂದಿರಲಿ, ಪೂರ್ತಿ ಹಣ ಕೊಟ್ಟು ಹೊಸ ಒಡವೆ ಕೊಳ್ಳುವುದು ಮಧ್ಯಮ ವರ್ಗದ ಮನೆಗಳಿಗೆ ಕಷ್ಟವೇ. ಹಾಗಾಗಿ ಬೀರುವಿನಲ್ಲಿದ್ದ ಹಳೆಯದು ಹೊರಗೆ ಬರುತ್ತಿದೆ.

ಹೊರಗೆ ಬಂದ ಒಡವೆಯಲ್ಲಿ ಹೆಚ್ಚಿನದು ಉಳಿಯುವುದಿಲ್ಲ. ಸ್ವಲ್ಪ ದಿನದಲ್ಲೇ ಕರಗಿ ಚಿನ್ನದ ಗಟ್ಟಿಯಾಗುತ್ತದೆ. ಇದಕ್ಕೆ ವರ್ತಕರ ಆಸೆಬುರುಕತನ ಕಾರಣ ಎಂದು ಸುಮ್ನೆ ಹೇಳಿಬಿಡುವುದು ಸುಲಭ. ಆದರೆ ಸ್ವಲ್ಪ ಹತ್ತಿರದಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಬೆಲೆ, ಶುದ್ಧತೆಗೆ ಒತ್ತುವ ಅಧಿಕೃತ ಮುದ್ರೆಯಾದ ಹಾಲ್‌ಮಾರ್ಕ್‌ನ ನಿಯಮ, ಪೊಲೀಸ್ ಭಯ, ಈ ಮೂರೂ ಹಳೆ ಒಡವೆಯನ್ನು ಒಂದೇ ದಿಕ್ಕಿಗೆ ತಳ್ಳುತ್ತಿವೆ. ಮೂರಕ್ಕೂ ಬುಡದಲ್ಲಿರುವ ಸಮಸ್ಯೆ ಒಂದೇ: ಹಳೆ ಒಡವೆಗೆ ಕಾಗದ ಇಲ್ಲ. ಬಿಲ್ ಇಲ್ಲ, ಶುದ್ಧತೆಯ ಗುರುತಿಲ್ಲ, ಯಾರದ್ದು ಎಂಬುದಕ್ಕೆ ಸಾಕ್ಷಿಯಿಲ್ಲ. ಬಾಯಿಮಾತಿನ ನಂಬಿಕೆಯ ಮೇಲೆ ತಲೆಮಾರುಗಳಿಂದ ನಡೆದ ವ್ಯಾಪಾರಕ್ಕೆ ಈಗಿನ ಬೆಲೆಯಲ್ಲಿ ಆ ನಂಬಿಕೆ ಸಾಲುತ್ತಿಲ್ಲ.

ಚಿನ್ನದ ನಾಡು ಅಂತ ಕರೆಸಿಕೊಳ್ಳುವ ಕೋಲಾರದಲ್ಲೇ ಹೀಗಾ ಎಂದು ಹೊರಗಿನವರು ಕೇಳುವುದುಂಟು. ಕೆಜಿಎಫ್ ಗಣಿಗೂ ಪೇಟೆಯ ಅಂಗಡಿಗೂ ನೇರ ಸಂಬಂಧ ಇದ್ದದ್ದೇ ಕಡಿಮೆ. ಬ್ರಿಟಿಷರ ಜಾನ್ ಟೇಲರ್ ಕಂಪನಿ 1880ರ ಹೊತ್ತಿಗೆ ಕೆಲಸ ಶುರುಮಾಡಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿ ಮುಚ್ಚಿತು. ಈ 120 ವರ್ಷದಲ್ಲಿ ನೆಲದಿಂದ ಬಂದ ಚಿನ್ನ ಸುಮಾರು 800 ಟನ್ ಎನ್ನುತ್ತಾರೆ. ಇವತ್ತು ಭಾರತ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಅಷ್ಟೇ ಚಿನ್ನ ಆಮದು ಮಾಡಿಕೊಳ್ಳುತ್ತದೆ. ಗಣಿ ಮುಚ್ಚಿದಾಗ 10 ಗ್ರಾಂ ಚಿನ್ನದ ಬೆಲೆ ಐದು ಸಾವಿರ ರೂಪಾಯಿಗೂ ಕಡಿಮೆ ಇತ್ತು. ತೆಗೆಯುವ ಖರ್ಚೇ ಜಾಸ್ತಿ ಎಂದು ಬಾಗಿಲು ಹಾಕಿದರು. ಈಗ ಆ ಊರಿನ ಸುತ್ತ ಗುಡ್ಡದಂತೆ ಬಿದ್ದಿರುವ, ಚಿನ್ನ ತೆಗೆದು ಎಸೆದ ಸೈನೈಡ್ ಮಣ್ಣಿನಿಂದಲೇ ಚಿನ್ನ ತೆಗೆಯುವ ಮಾತು ನಡೆದಿದೆ. ಅದಿರಲಿ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ಅಂಗಡಿಯಲ್ಲಿ ಇವತ್ತು ಕೈಬದಲಾಗುವ ಚಿನ್ನ ಗಣಿಯದ್ದಲ್ಲ, ಮನೆಗಳದ್ದು.

ಆ ಕರ್ಚೀಫು ಗಂಟು ಬಿಚ್ಚಿದ ಮೇಲೆ ಏನಾಗುತ್ತದೆ ನೋಡೋಣ. ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

"ಅಕ್ಕಾ, ಟಚ್ ಎಂಬತ್ತನಾಲ್ಕು ಬರ್ತಿದೆ."

"ಅದ್ಹೇಗಣ್ಣಾ? ನಮ್ಮಮ್ಮ ಇಪ್ಪತ್ತೆರಡು ಕ್ಯಾರಟ್ ಅಂತ ಮಾಡಿಸಿದ್ದು."

ಇಬ್ಬರೂ ಸುಳ್ಳು ಹೇಳುತ್ತಿರಬೇಕಿಲ್ಲ. ಟಚ್ ಅಂದರೆ ನೂರು ಭಾಗದಲ್ಲಿ ಅಪ್ಪಟ ಚಿನ್ನ ಎಷ್ಟು ಎಂಬ ಲೆಕ್ಕ. 22 ಕ್ಯಾರಟ್ ಅಂದರೆ ನೂರಕ್ಕೆ 91.6 ಭಾಗ ಚಿನ್ನ. ಅಮ್ಮ ಕೊಟ್ಟ ಗಟ್ಟಿ ಅಷ್ಟೇ ಶುದ್ಧ ಇದ್ದಿರಬಹುದು. ಆದರೆ ಒಡವೆ ಕಟ್ಟಲು ಬೆಸುಗೆ ಬೇಕು. ಹಳೆ ಕಾಲದ ಆಚಾರಿಗಳು ಚಿನ್ನಕ್ಕೆ ತಾಮ್ರ, ಬೆಳ್ಳಿ ಬೆರೆಸಿ ಬೆಸುಗೆ ಮಾಡುತ್ತಿದ್ದರು. ಒಡವೆಗಿಂತ ಬೇಗ ಕರಗಿದರೆ ಮಾತ್ರ ಅದು ಬೆಸುಗೆ. ಬೇಗ ಕರಗಬೇಕಾದರೆ ಅದರಲ್ಲಿ ಚಿನ್ನ ಕಡಿಮೆ ಇರಬೇಕು. ಗುಂಡಿನ ಸರ, ಅವಲಕ್ಕಿ ಸರದಂಥವುಗಳಲ್ಲಿ ನೂರಾರು ಕಡೆ ಬೆಸುಗೆ ಇರುತ್ತದೆ. ಇಡೀ ಸರ ಕರಗಿಸಿ ಪರೀಕ್ಷಿಸಿದರೆ ಶುದ್ಧತೆ ತಾನಾಗಿ ಕೆಳಗಿಳಿಯುತ್ತದೆ. ಮುಂದೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಬಂತು. ಅದೇ ಜನ ಇಂದಿಗೂ ಹೇಳುವ 'ಕೆಡಿಎಂ ಚಿನ್ನ'. ಕ್ಯಾಡ್ಮಿಯಂ ಕುಲುಮೆಯಲ್ಲೇ ಹೆಚ್ಚುಕಡಿಮೆ ಆವಿಯಾಗಿ ಹೋಗುವುದರಿಂದ ಶುದ್ಧತೆ ಉಳಿಯುತ್ತಿತ್ತು. ಆದರೆ ಆ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೆ ವಿಷ. ಹಾಗಾಗಿ ಅದು ನಿಂತಿತು. ಕೆಡಿಎಂ ಎನ್ನುವುದು ಬೆಸುಗೆಯ ಬಗೆಯೇ ಹೊರತು ಶುದ್ಧತೆಯ ಸರ್ಟಿಫಿಕೇಟ್ ಅಲ್ಲ.

ಇನ್ನು ತೂಕ. ಅಡ್ಡಿಗೆ, ವಂಕಿ, ಹಳೆ ಜುಮುಕಿಗಳ ಒಳಗೆ ಅರಗು ತುಂಬಿರುತ್ತಾರೆ. ಕಲ್ಲುಗಳ ತೂಕ ಬೇರೆ. ತಕ್ಕಡಿಯಲ್ಲಿ 24 ಗ್ರಾಂ ತೋರಿಸಿದ ಒಡವೆಯಲ್ಲಿ ಕಲ್ಲು, ಅರಗು ಕಳೆದರೆ 21.5 ಗ್ರಾಂ ಉಳಿಯಿತು ಅಂದುಕೊಳ್ಳಿ. ಟಚ್ 84 ಎಂದರೆ ಅದರಲ್ಲಿ ಅಪ್ಪಟ ಚಿನ್ನ 18.06 ಗ್ರಾಂ. ಲೆಕ್ಕ ಸುಲಭವಾಗಲಿ ಎಂದು ಅಪ್ಪಟ ಚಿನ್ನ ಗ್ರಾಂಗೆ 10,000 ರೂಪಾಯಿ ಎಂದೇ ಹಿಡಿಯೋಣ. ಬೆಲೆ 1,80,600. ಕರಗಿಸುವಾಗ ಸವಕಳಿ ಎಂದು ಶೇ. 2 ಕಳೆದರೆ ಸಿಗುವುದು ಸುಮಾರು 1,77,000. ಅದೇ ದಿನ 22 ಕ್ಯಾರಟ್‌ನ 20 ಗ್ರಾಂ ಹೊಸ ಸರ ಕೊಂಡರೆ ಚಿನ್ನದ ಬೆಲೆ 1,83,200. ಮಾಡುವಾಗ ಸವೆಯುವ ಚಿನ್ನಕ್ಕೆಂದು ಹಾಕುವ ವೇಸ್ಟೇಜ್ ಶೇ. 12 ಸೇರಿಸಿ, ಅದರ ಮೇಲೆ ಶೇ. 3 ಜಿಎಸ್‌ಟಿ ಹಾಕಿದರೆ 2,11,340. ಅಂದರೆ 24 ಗ್ರಾಂ ಕೊಟ್ಟು 20 ಗ್ರಾಂ ತಗೊಂಡು ಮೇಲೆ 34,000 ಚಿಲ್ಲರೆ ಎಣಿಸಬೇಕು.

ಇದರಲ್ಲಿ ಮೋಸ ಎಲ್ಲಿದೆ? ಇದ್ದರೆ ಮೂರು ಕಡೆ ಅಡಗಿರಬಹುದು: ಕಲ್ಲಿನ ತೂಕ, ಟಚ್, ಸವಕಳಿ. ಈ ಮೂರನ್ನೂ ಗಿರಾಕಿ ತಾನೇ ಪರೀಕ್ಷಿಸಲಾರ. ಅಂಗಡಿಯ ಕ್ಯಾರಟ್ ಮೀಟರ್ ಮೇಲ್ಮೈಯನ್ನಷ್ಟೇ ಓದುತ್ತದೆ. ಮೇಲೆ ಒಳ್ಳೆ ಚಿನ್ನದ ಲೇಪ ಇದ್ದರೆ ಒಳಗಿನದ್ದು ಅದಕ್ಕೆ ಗೊತ್ತಾಗುವುದಿಲ್ಲ. ಆಗ ವರ್ತಕನೇ ಮೋಸಹೋಗುತ್ತಾನೆ. ಹಾಗಾಗಿ ಅವನು ಮೊದಲೇ ಒಂದೆರಡು ಅಂಶ ಕಡಿಮೆ ಹಿಡಿಯುತ್ತಾನೆ. ಒರೆಗಲ್ಲಿನ ಮೇಲೆ ಗೆರೆ ಎಳೆದು ಆಸಿಡ್ ಹನಿ ಬಿಟ್ಟು ನೋಡುವ ಹಳೆ ಕಣ್ಣಿನವರು ಬೆಸುಗೆಯ ಜಾಗ ಹುಡುಕಿ ಅಲ್ಲೇ ಉಜ್ಜುತ್ತಾರೆ, ಒಳಗಿನ ಹೂರಣ ಗೊತ್ತಾಗಲಿ ಅಂತ. ಪೂರ್ತಿ ಖಾತ್ರಿ ಬೇಕೆಂದರೆ ತುಣುಕು ಕತ್ತರಿಸಿ ಸೀಸದ ಜೊತೆ ಕಾಯಿಸಿ ತೆಗೆಯುವ ಬೆಂಕಿ ಪರೀಕ್ಷೆಯೇ ಆಗಬೇಕು. ಅಷ್ಟು ಮಾಡುವುದಕ್ಕಿಂತ ಕರಗಿಸಿಬಿಡುವುದೇ ಮೇಲು ಎಂದು ಇಬ್ಬರಿಗೂ ಅನಿಸುತ್ತದೆ. ಕುಲುಮೆಗೆ ಮೊದಲ ನೂಕು ಇಲ್ಲೇ.

ಎರಡನೇ ನೂಕು ಹಾಲ್‌ಮಾರ್ಕ್‌ನದ್ದು. ಇದನ್ನು ಹೇಳುವಾಗ ಎಚ್ಚರ ಬೇಕು, ಯಾಕೆಂದರೆ ಗಿರಾಕಿಗೆ ಹಾಲ್‌ಮಾರ್ಕ್‌ನಿಂದ ಒಳ್ಳೆಯದೇ ಆಗಿದೆ. 2000ದಲ್ಲಿ ಐಚ್ಛಿಕವಾಗಿ ಬಂದ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಮೊದಲು 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು, ಆಮೇಲೆ ಪಟ್ಟಿ ಬೆಳೆಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಇಲ್ಲದ ಒಡವೆಯನ್ನು ನಿಯಮಕ್ಕೆ ಒಳಪಟ್ಟ ಅಂಗಡಿಯವರು ಮಾರುವಂತಿಲ್ಲ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ವರ್ತಕ, ಯಾವ ಕೇಂದ್ರ, ಎಷ್ಟು ಶುದ್ಧತೆ ಎಲ್ಲ ಕಾಣುತ್ತದೆ. ಹೊಸ ಒಡವೆಗೆ ಹುಟ್ಟಿದ ದಿನವೇ ಕಾಗದ ಸಿಕ್ಕಿತು.

ಹಳೆಯದರ ಪಾಡು ಏನು? ಗಿರಾಕಿ ಗುರುತಿಲ್ಲದ ಒಡವೆಯನ್ನು ಇಟ್ಟುಕೊಳ್ಳಬಹುದು, ಮಾರಬಹುದು. ಅಂಗಡಿಯವನು ಕೊಳ್ಳಬಹುದು. ಅವನು ಅದನ್ನು ಇದ್ದ ಹಾಗೇ ಇನ್ನೊಬ್ಬರಿಗೆ ಮಾರುವುದು ಮಾತ್ರ ಆಗುವುದಿಲ್ಲ, ಹಾಲ್‌ಮಾರ್ಕ್ ಹಾಕಿಸಬೇಕು. ಒಂದು ಕಡೆ 91, ಬೆಸುಗೆಯ ಕಡೆ 70 ಎಂದು ತೋರಿಸುವ ಕೈಕೆಲಸದ ಸರಕ್ಕೆ ಒಂದೇ ಶುದ್ಧತೆಯ ಗುರುತು ಒತ್ತಿಸುವುದು ಹೇಗೆ? ಉತ್ತರದ ಕಡೆಯ ಕಲ್ಲು ಕೂರಿಸಿದ ಕುಂದನ್, ಪೋಲ್ಕಿ, ಜಡಾವ್ ಒಡವೆಗಳಿಗೆ ವಿನಾಯಿತಿ ಇದೆ. ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೂ ಇದೆ. ನಮ್ಮ ಕಡೆಯ ಕಾಸಿನ ಸರ, ಗುಂಡಿನ ಸರ, ಬುಗುಡಿಗಳಿಗೆ ಅಂಥ ಪ್ರತ್ಯೇಕ ಜಾಗ ಇಲ್ಲ. ಉತ್ತರದ ಒಡವೆಗೆ ಸಿಕ್ಕ ತಿಳಿವಳಿಕೆ ದಕ್ಷಿಣದ ಒಡವೆಗೆ ಸಿಗಲಿಲ್ಲ ಅಂತ ನನಗನ್ನಿಸುತ್ತದೆ.

ವಿಚಿತ್ರ ಎಂದರೆ ತೆರಿಗೆ ಕಡೆಯಿಂದ ಇದಕ್ಕೆ ಉಲ್ಟಾ ಗಾಳಿ ಬೀಸಿದೆ. ಜನರಿಂದ ಕೊಂಡ ಹಳೆ ಒಡವೆಯನ್ನು ರೂಪ ಬದಲಿಸದೆ, ಪಾಲಿಶ್ ಮಾಡಿ ಮಾರಿದರೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸಕ್ಕೆ ಮಾತ್ರ ಜಿಎಸ್‌ಟಿ ಎಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2021ರಲ್ಲಿ ಹೇಳಿತು. ಇಂಥ ತೀರ್ಪು ಕಾನೂನಿನ ಪ್ರಕಾರ ಕೇಳಿದವರಿಗಷ್ಟೇ ಅನ್ವಯ. ಆದರೂ ದಾರಿ ಯಾವ ಕಡೆ ಎಂದು ತೋರಿಸುತ್ತದೆ. ಒಂದು ಇಲಾಖೆಯ ಲೆಕ್ಕದಲ್ಲಿ ಒಡವೆಯನ್ನು ಹಾಗೇ ಉಳಿಸಿದವನಿಗೆ ಲಾಭ. ಇನ್ನೊಂದರ ಲೆಕ್ಕದಲ್ಲಿ ಹಾಗೇ ಮಾರುವುದೇ ತೊಡಕು.

ಸಣ್ಣ ಅಂಗಡಿಗಳಿಗೆ ವಿನಾಯಿತಿ ಇದೆಯಲ್ಲ ಎನ್ನಬಹುದು. ಇದೆ, ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ. ಆ ಮಿತಿ ಹಾಕಿದ 2021ರಲ್ಲಿ 10 ಗ್ರಾಂ ಚಿನ್ನ 50,000ದ ಒಳಗಿತ್ತು. ಅಂದರೆ 800 ಗ್ರಾಂಗಿಂತ ಜಾಸ್ತಿ ಚಿನ್ನದ ವ್ಯಾಪಾರ. ಈಗಿನ ಬೆಲೆಯಲ್ಲಿ 40 ಲಕ್ಷ ಎಂದರೆ 400 ಗ್ರಾಂ ಕೂಡ ಆಗುವುದಿಲ್ಲ. ದಿನಕ್ಕೆ ಹೆಚ್ಚೆಂದರೆ ಒಂದು ಗ್ರಾಂ ಲೆಕ್ಕ. ಮಾಲೂರು, ಶ್ರೀನಿವಾಸಪುರ, ಬಾಗೇಪಲ್ಲಿಯ ಸಂದಿಯಲ್ಲಿ ಕೂತ ಆಚಾರಿಯ ಅಂಗಡಿ ವ್ಯಾಪಾರ ಹೆಚ್ಚಿಸದೇನೇ 'ದೊಡ್ಡ' ಅಂಗಡಿಯಾಗಿಬಿಡುತ್ತದೆ.

ಮೂರನೆಯದು ಭಯ. ಅಂಗಡಿಯವರು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ, ಹೇಳಿದರೆ ಜೋರಾಗಿ ಹೇಳುತ್ತಾರೆ. ಸರಗಳ್ಳ ಸಿಕ್ಕಿಬೀಳುತ್ತಾನೆ. ಇಂಥ ಅಂಗಡಿಗೆ ಕೊಟ್ಟೆ ಎನ್ನುತ್ತಾನೆ. ಪೊಲೀಸರು ಅವನನ್ನೇ ಕರೆದುಕೊಂಡು ಬಂದು ನಿಲ್ಲುತ್ತಾರೆ. ಒಡವೆ ಇದ್ದರೆ ಜಪ್ತಿ. ಕರಗಿ ಹೋಗಿದ್ದರೆ ಅಷ್ಟೇ ತೂಕದ ಚಿನ್ನ ಕೊಟ್ಟು ಮುಗಿಸುವ ಒತ್ತಡ ಬರುತ್ತದೆ ಎಂಬುದು ವರ್ತಕರ ಹಳೆ ಅಳಲು. ಕಾನೂನು ಏನೋ ಸ್ಪಷ್ಟವಾಗಿದೆ. ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಕದ್ದ ಮಾಲು ಎಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣ ಇದ್ದು ಕೊಂಡರೆ ಅಪರಾಧ. ಮೂರು ವರ್ಷದವರೆಗೆ ಶಿಕ್ಷೆ. ಗೊತ್ತಿಲ್ಲದೆ ಕೊಂಡವನು ಅಪರಾಧಿಯಲ್ಲ, ಆದರೆ ಮಾಲು ಅವನಿಗೆ ಉಳಿಯುವುದಿಲ್ಲ. 'ಗೊತ್ತಿರಲಿಲ್ಲ' ಎಂದು ತೋರಿಸಲು ಅವನ ಕೈಯಲ್ಲಿ ಏನಿರುತ್ತದೆ? ಮಾರಿದವರ ಗುರುತಿನ ಚೀಟಿಯ ನಕಲು, ಒಡವೆಯ ಫೋಟೋ, ಸಹಿ, ಬ್ಯಾಂಕ್ ಮೂಲಕ ಹಣ ಕೊಟ್ಟ ದಾಖಲೆ. ಇವು ಇದ್ದವನು ನಿಂತು ಮಾತಾಡಬಲ್ಲ. ಇಲ್ಲದವನಿಗೆ ಒಡವೆ ಆದಷ್ಟು ಬೇಗ ಗಟ್ಟಿಯಾದರೆ ಸಾಕು.

ಇಲ್ಲಿ ನಾನು ವರ್ತಕರ ಪರ ಪೂರ್ತಿ ನಿಲ್ಲಲಾರೆ. ದುಡ್ಡಿನ ಅವಸರದಲ್ಲಿ ಬಂದ ಹುಡುಗ ಅರ್ಧ ರೇಟಿಗೆ ಕೊಟ್ಟರೂ ಒಪ್ಪುತ್ತಾನೆ ಎಂದರೆ ಕೊಳ್ಳುವವನಿಗೆ ಅನುಮಾನ ಬಂದೇ ಬಂದಿರುತ್ತದೆ. ಬೇಗ ಕರಗಿಸುವ ಅಭ್ಯಾಸ ಪ್ರಾಮಾಣಿಕನನ್ನೂ ಕಳ್ಳಮಾಲು ಕೊಳ್ಳುವವನನ್ನೂ ಒಂದೇ ಥರ ಕಾಣಿಸುವಂತೆ ಮಾಡುತ್ತದೆ. ಕೊಂಡ ಒಡವೆಯನ್ನು ಇಂತಿಷ್ಟು ದಿನ ಹಾಗೇ ಇಡಬೇಕು ಎಂದು ವರ್ತಕರ ಸಂಘಗಳು ತಾವೇ ಕಟ್ಟುಪಾಡು ಮಾಡಿಕೊಂಡರೆ ಪೊಲೀಸರ ಜೊತೆ ಮಾತಾಡಲು ಒಂದು ನೆಲೆ ಸಿಗುತ್ತದೆ. ಬೆಲೆ ದಿನಾ ಏರಿಳಿಯುವಾಗ ಹದಿನೈದು ದಿನ ಮಾಲು ಕಟ್ಟಿಹಾಕುವುದು ಸಣ್ಣ ಬಂಡವಾಳದವನಿಗೆ ಕಷ್ಟ, ಅದೂ ನಿಜ.

ಒಡವೆ ಬಿಟ್ಟು ಬೇರೆ ಹಳೆ ಸಾಮಾನಿನ ವ್ಯಾಪಾರ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಅಂಗಡಿಗಿಂತ ಬೀದಿಯಲ್ಲೇ ಜಾಸ್ತಿ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಕೆತ್ತನೆಯ ಬಾಗಿಲು, ತೊಟ್ಟಿಲು. ಹಳೆ ತೊಟ್ಟಿಮನೆ ಕೆಡವುವ ಸುದ್ದಿ ಸಿಕ್ಕರೆ ಬೆಂಗಳೂರಿಂದಲೇ ಟೆಂಪೋ ಬರುತ್ತದೆ. 1972ರ ಪುರಾವಸ್ತು ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಕಲೆ, ಕೈಕೆಲಸದ ವಸ್ತು ಪುರಾವಸ್ತು. ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಅದನ್ನು ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವಂತೇ ಇಲ್ಲ. ಕಡ್ಡಾಯ ನೋಂದಣಿ ಇರುವುದು ಮುಖ್ಯವಾಗಿ ಶಿಲ್ಪ, ಚಿತ್ರ, ಚಿತ್ರವಿರುವ ಹಸ್ತಪ್ರತಿಗಳಿಗೆ. ಆವಣಿ, ಕುರುಡುಮಲೆ, ನಂದಿಯಂಥ ಹಳೆ ದೇವಸ್ಥಾನಗಳಿರುವ ಸೀಮೆಯಲ್ಲಿ ವಿಗ್ರಹಕ್ಕೆ ಈ ಕಾವಲು ಬೇಕೇ ಬೇಕು. ಆದರೆ 1910ರಲ್ಲಿ ಚಿಂತಾಮಣಿಯಲ್ಲೋ ಮುಳಬಾಗಿಲಿನಲ್ಲೋ ಮಾಡಿಸಿದ ಒಂದು ಅಡ್ಡಿಗೆ? ವಯಸ್ಸಿನ ಲೆಕ್ಕದಲ್ಲಿ ಅದೂ ಪುರಾವಸ್ತುವೇ. ಕಟ್ಟೆಯ ಮೇಲೆ ಮಾತ್ರ ಅದು ಬರೀ ತೂಕ. ಪಕ್ಕದ ಶೋಕೇಸಿನಲ್ಲಿ 'ಆಂಟಿಕ್' ಎಂಬ ಚೀಟಿ ಹಚ್ಚಿ, ಕಪ್ಪು ಬಣ್ಣ ಕೊಟ್ಟ ಹೋದ ತಿಂಗಳ ಒಡವೆಗೆ ಹೆಚ್ಚು ವೇಸ್ಟೇಜ್ ಹಾಕಿ ಮಾರುತ್ತಿರುತ್ತಾರೆ!

ನಾಣ್ಯಗಳದ್ದೂ ಅದೇ ಕಥೆ. ರಾಣಿ ಛಾಪಿನ ರೂಪಾಯಿಗಳನ್ನು ಈಗ ಬೆಳ್ಳಿಯ ರೇಟಿಗೆ ಮಾರಲು ಜನ ತರುತ್ತಾರೆ. ವಿಕ್ಟೋರಿಯಾ ಕಾಲದ ರೂಪಾಯಿ 11.66 ಗ್ರಾಂ, ಸರಿಯಾಗಿ ಒಂದು ತೊಲ. ಅದರಲ್ಲಿ ಶೇ. 91.7 ಬೆಳ್ಳಿ. 1940ರ ನಂತರದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರದ್ದರಲ್ಲಿ ನಿಕ್ಕಲ್ ಬಂತು. ಇದು ಗೊತ್ತಿಲ್ಲದೆ ಎಲ್ಲವನ್ನೂ ಒಂದೇ ಮುಷ್ಟಿಯಲ್ಲಿ ತೂಗಿಸುವವರಿದ್ದಾರೆ. ಕೆಲವು ವರ್ಷದ, ಕೆಲವು ಟಂಕಸಾಲೆಯ ನಾಣ್ಯಕ್ಕೆ ಸಂಗ್ರಹಕಾರರು ಬೆಳ್ಳಿಯ ಬೆಲೆಗಿಂತ ಎಷ್ಟೋ ಪಟ್ಟು ಕೊಡುತ್ತಾರೆ. ಅದನ್ನು ನೋಡುವ ವ್ಯವಧಾನ ಕಟ್ಟೆಯ ಮೇಲೆ ಯಾರಿಗಿದೆ?

ಇನ್ನೊಂದು ದಂಧೆಯ ಬಗ್ಗೆ ಒಂದೇ ಮಾತು. "ಪಾಯ ತೋಡುವಾಗ ನಿಧಿ ಸಿಕ್ತು, ಅರ್ಧ ಬೆಲೆಗೆ ಕೊಡ್ತೀವಿ" ಎಂದು ಫೋನ್ ಬಂದರೆ ಅದು ಮೋಸವೇ. ಪರೀಕ್ಷೆಗೆ ಅಂತ ಮೊದಲು ಕೊಡುವ ಒಂದೆರಡು ಕಾಸು ಅಪ್ಪಟ ಚಿನ್ನವಾಗಿರುತ್ತವೆ. ಲಕ್ಷಗಟ್ಟಲೆ ಕೊಟ್ಟು ತಂದ ಚೀಲದ ತುಂಬ ಹಿತ್ತಾಳೆ. ನಿಜವಾಗಿಯೂ ನೆಲದಲ್ಲಿ ನಿಧಿ ಸಿಕ್ಕಿದ್ದರೆ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು, ಗುಟ್ಟಾಗಿ ಮಾರಿದವನೂ ಕೊಂಡವನೂ ಸಿಕ್ಕಿಬೀಳುತ್ತಾರೆ.

ಒಡವೆ ಮಾರುವ ಮನೆಯವರು ಮರೆಯುವ ಸಂಗತಿ ಇನ್ನೊಂದಿದೆ. ಹಳೆಯದು ಕೊಟ್ಟು ಹೊಸದು ತಗೊಂಡರೂ ಆದಾಯ ತೆರಿಗೆಯ ಕಣ್ಣಿನಲ್ಲಿ ಅದು ಮಾರಾಟವೇ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಚಿನ್ನದ ಲಾಭಕ್ಕೆ 2024ರ ಜುಲೈ 23ರಿಂದ ಶೇ. 12.5 ತೆರಿಗೆ. 2001ರ ಏಪ್ರಿಲ್ 1ಕ್ಕಿಂತ ಮುಂಚಿನ ಒಡವೆಯಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಎಂದು ಹಿಡಿಯಬಹುದು. ಅಮ್ಮನಿಂದ ಬಂದದ್ದಾದರೆ ಅಮ್ಮ ಇಟ್ಟುಕೊಂಡ ಕಾಲವೂ ಸೇರುತ್ತದೆ. ಇಷ್ಟಕ್ಕೂ ಮತ್ತೆ ಬೇಕಾಗುವುದು ಕಾಗದವೇ. ನಗದಿನ ಮಾತೂ ಅಷ್ಟೇ. ಒಬ್ಬರಿಂದ ಒಂದು ದಿನಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳುವಂತಿಲ್ಲ. ವ್ಯಾಪಾರದ ಖರೀದಿಗೆ ಒಬ್ಬರಿಗೆ ದಿನಕ್ಕೆ 10,000 ದಾಟಿ ನಗದು ಕೊಟ್ಟರೆ ವರ್ತಕನಿಗೆ ಅದನ್ನು ಖರ್ಚೆಂದು ತೋರಿಸಲು ಬರುವುದಿಲ್ಲ. "ಅಕೌಂಟಿಗೆ ಹಾಕ್ತೀನಿ" ಎನ್ನುವ ಅಂಗಡಿಯವನ ಮೇಲೆ ಸಿಟ್ಟಾಗುವ ಬದಲು ಅದನ್ನೇ ಕೇಳಿ ಪಡೆಯುವುದು ಜಾಣತನ.

ಹಾಗಾದರೆ ಮಾರುವವರು ಏನು ಮಾಡಬಹುದು? ಅಂಗಡಿಗೆ ಹೋಗುವ ಮುಂಚೆ ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕ್ ಕೇಂದ್ರದಲ್ಲಿ ಒಡವೆ ಪರೀಕ್ಷೆ ಮಾಡಿಸಬಹುದು. ಸಾಮಾನ್ಯ ಗಿರಾಕಿಗೂ ಅಲ್ಲಿ ಅವಕಾಶ ಇದೆ, ನಾಲ್ಕು ಒಡವೆವರೆಗೆ ನಿಗದಿಯಾದ ಶುಲ್ಕ 200 ರೂಪಾಯಿ, ತೆರಿಗೆ ಬೇರೆ. ಅವರು ಕೊಡುವ ವರದಿ ಕೈಯಲ್ಲಿದ್ದರೆ ಟಚ್‌ನ ಜಗಳ ಅರ್ಧ ಮುಗಿಯಿತು. ಕಲ್ಲು ಬಿಡಿಸಿಕೊಡಿ, ಅದನ್ನು ನಾನೇ ಒಯ್ಯುತ್ತೇನೆ ಎಂದು ಕೇಳಬೇಕು. ಕೆಂಪು ಕಲ್ಲಿಗೆ ಬೆಲೆಯಿಲ್ಲ ಎಂದು ಹೇಳಿ ಇಟ್ಟುಕೊಳ್ಳುವುದು ಹಳೆ ಚಾಳಿ. ಕರಗಿಸುವುದಾದರೆ ಕಣ್ಣೆದುರೇ ಕರಗಿಸಲಿ. ಖರೀದಿ ಚೀಟಿಯಲ್ಲಿ ಒಟ್ಟು ತೂಕ, ಕಲ್ಲು-ಅರಗಿನ ತೂಕ, ಟಚ್, ಆ ದಿನದ ದರ ನಾಲ್ಕೂ ಬೇರೆ ಬೇರೆ ಬರೆದಿರಲಿ.

ಈ ಚೀಟಿಗೆ ಒಳ್ಳೆ ಮಾದರಿ ಬಂದಿರುವುದು ಮಾರಾಟದ ಕಟ್ಟೆಯಿಂದ ಅಲ್ಲ, ಸಾಲದ ಕಟ್ಟೆಯಿಂದ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ಚಿನ್ನ-ಬೆಳ್ಳಿ ಸಾಲದ ನಿಯಮಗಳ ಜಾರಿಗೆ 2026ರ ಏಪ್ರಿಲ್ 1ರ ಗಡುವು ಇಟ್ಟಿತು. ಅದರಂತೆ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲಗಾರರ ಎದುರಲ್ಲೇ ಒಡವೆ ಪರೀಕ್ಷಿಸಬೇಕು. ಶುದ್ಧತೆ, ಒಟ್ಟು ತೂಕ, ಕಲ್ಲು-ಅರಗು-ದಾರಕ್ಕೆ ಕಳೆದದ್ದು, ನಿವ್ವಳ ತೂಕ, ಎಲ್ಲಿ ಮುರಿದಿದೆ, ಫೋಟೋ, ಬೆಲೆ, ಇಷ್ಟೂ ಇರುವ ಪ್ರಮಾಣಪತ್ರ ಕೊಡಬೇಕು. ಕೊಂಡ ರಸೀದಿ ಇಲ್ಲದಿದ್ದರೆ ಒಡವೆ ತಮ್ಮದೇ ಎಂದು ಸಾಲಗಾರರು ಬರೆದುಕೊಡುವುದಕ್ಕೂ ಅಲ್ಲಿ ದಾರಿ ಇದೆ. ಮಾರಾಟದ ಚೀಟಿಯೂ ಹೀಗೇ ಇರಲಿ ಎಂದು ಕೋಲಾರ, ಚಿಕ್ಕಬಳ್ಳಾಪುರದ ವರ್ತಕರೇ ಮುಂದೆ ಬಂದು ಒಪ್ಪಿಕೊಂಡರೆ ಅವರಿಗೇ ರಕ್ಷಣೆ. ಪೊಲೀಸರು ಬಂದಾಗ ತೋರಿಸಲು, ತೆರಿಗೆಯವರು ಕೇಳಿದಾಗ ಕೊಡಲು, ಒಡವೆಯನ್ನು ನಾಲ್ಕು ದಿನ ಉಳಿಸಿ ಸರಿಯಾದ ಗಿರಾಕಿ ಹುಡುಕಲು ಅದೇ ಆಧಾರ. ಒಂದು ಕೊರತೆ ಮಾತ್ರ ಉಳಿಯುತ್ತದೆ. ರಿಸರ್ವ್ ಬ್ಯಾಂಕಿನ ಈ ನಿಯಮ ರಾಜ್ಯದ ಕಾನೂನಿನಡಿ ಲೈಸೆನ್ಸ್ ಪಡೆದು ನಡೆಯುವ ಗಿರವಿ ಅಂಗಡಿಗಳಿಗೆ ಅನ್ವಯಿಸುವುದಿಲ್ಲ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯೊಳಗೆ ದುಡ್ಡು ಬೇಕೆನ್ನುವವರು ಮೊದಲು ಹತ್ತುವುದು ಆ ಅಂಗಡಿಗಳ ಮೆಟ್ಟಿಲನ್ನೇ.